ರವದಿ ಗೋಡೆಯ ಶಂಕ್ರವ್ವ

ಶಂಕ್ರವ್ವನಿಗೆ ದೇವರ ಮೇಲೆ ಭಕ್ತಿ ಇಲ್ಲವೆಂದಲ್ಲ. ಆದರೆ ತಪ್ಪು ಮಾಡಿದಾಗ ದೇವರಿಗೂ ಹೇಳಬೇಕು ಎನ್ನುವವಳು ಅವಳು. ಮೇಲವಂಕಿಯ ಲಕ್ಕವ್ವನ ಹಳೆಯ ಮಣ್ಣಿನ ಗುಡಿಯನ್ನು ಕೆಡವಿ ಸಿಮೆಂಟಿನಲ್ಲಿ ಕಟ್ಟಿಸಿ, ಒಳಗೆಲ್ಲ ಗ್ರಾನೈಟ್ ಹಾಸಿ, ಮೊದಲ ಬೇಸಿಗೆಯಲ್ಲೇ ಪೂಜಾರಿ ದೇವಿಯ ತಲೆಯ ಮೇಲೊಂದು ಫ್ಯಾನು ಹಾಕಿಸಿದ. ಊರವರೆಲ್ಲ ಕೈಮುಗಿದು ಫ್ಯಾನು ತಿರುಗುವುದನ್ನು ನೋಡುತ್ತ ನಿಂತಿದ್ದರು. ಶಂಕ್ರವ್ವ ಹೊಸ್ತಿಲ ತನಕ ಹೋಗಿ ದೇವಿಯನ್ನೇ ಕೇಳಿದಳು:

"ಯವ್ವಾ, ಇಪ್ಪತ್ತ ವರ್ಷ ನಿನ್ನ ಗ್ವಾಡಿ ಸಾರಿಸಿದಾಕಿ ನಾನು. ಒಂದ ದಿನಾರ ಸೆಕಿ ಆಗತೈತಿ ಅಂದಿದ್ದೇನ?"

ದೇವಿ ಉತ್ತರ ಕೊಡಲಿಲ್ಲ. ಪೂಜಾರಿ ಕೊಟ್ಟ. ಅದನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ತುಕ್ಕಾನಟ್ಟಿಯ ಹೊಲವೊಂದರಲ್ಲಿ ಯಾರೋ ಕಬ್ಬಿನ ರವದಿಯಿಂದ ಮನೆ ಕಟ್ಟಿದ್ದಾರೆಂದು ಕೇಳಿ, ನಗುವ ಉದ್ದೇಶದಿಂದಲೇ ನೋಡಲು ಹೋಗಿದ್ದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚುವುದು ಬಿಟ್ಟರೆ ಬೇರೆ ಉಪಯೋಗವಿದೆ ಎಂದು ನನಗೂ ತಿಳಿದಿರಲಿಲ್ಲ. ಹೋದವನು ಒಂದು ಚಹಾ, ಎರಡು ಭಕ್ಕರಿ, ಲೆಕ್ಕವಿಲ್ಲದಷ್ಟು ಬೈಗುಳ ತಿಂದು ಬಂದೆ. ಆಮೇಲೆ ಪದೇ ಪದೇ ಹೋದೆ. ಈ ಕಥೆ ಹಾಗೆ ಕೂಡಿದ್ದು.

ಶಂಕ್ರವ್ವ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ. ಅವಳ ಅಪ್ಪ ಮಣ್ಣಿನ ಗೋಡೆ ಎಬ್ಬಿಸುವವನು. ಗಂಡುಮಕ್ಕಳಿಲ್ಲದ ಕಾರಣ ಮೂವರು ಹೆಣ್ಣುಮಕ್ಕಳನ್ನೂ ಮಣ್ಣು ತುಳಿಯುವ ಗುಂಡಿಗೆ ಇಳಿಸಿದ್ದ. ಮಣ್ಣಿಗೆ ಗಂಡು ಹೆಣ್ಣು ತಿಳಿಯುವುದಿಲ್ಲ, ತೂಕವಷ್ಟೇ ತಿಳಿಯುತ್ತದೆ ಎನ್ನುತ್ತಿದ್ದನಂತೆ. ಮೂವರಲ್ಲಿ ಶಂಕ್ರವ್ವನೇ ದಪ್ಪ. ಹಾಗಾಗಿ ವಿದ್ಯೆ ಅವಳಿಗೇ ಹತ್ತಿತು. ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು, ಇದು ಗೋಡೆಗೆ ಬರುತ್ತದೆ, ಇದು ಒಲೆಗೆ ಬರುತ್ತದೆ, ಇದು ಬರೀ ಸುಳ್ಳು ಹೇಳುತ್ತದೆ ಎಂದು ಹೇಳುವುದನ್ನು ಹನ್ನೆರಡು ವರ್ಷಕ್ಕೇ ಕಲಿತಿದ್ದಳು.

ಮದುವೆಯಾಗಿ ಗೋಕಾಕ ತಾಲೂಕಿನ ಮೇಲವಂಕಿಗೆ ಬಂದಳು. ಗಂಡ ಅಲ್ಲಪ್ಪ ಒಳ್ಳೆಯವನು. ಒಳ್ಳೆಯವನಾಗಲು ಮುಖ್ಯ ಕಾರಣ, ಅವನು ಎಚ್ಚರವಿರುವುದು ಕಡಿಮೆ. ಕುಳಿತಲ್ಲಿ, ನಿಂತಲ್ಲಿ, ಒಮ್ಮೆ ಬೀಗರ ಮನೆಯ ಊಟದ ಪಂಕ್ತಿಯಲ್ಲಿ ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದ. ಕೊನೆಗೆ ನಿದ್ದೆಯಲ್ಲೇ ತೀರಿಕೊಂಡ. ಬೆಳಿಗ್ಗೆ ಹನ್ನೊಂದರ ತನಕ ಯಾರಿಗೂ ಅನುಮಾನ ಬರಲಿಲ್ಲ. ಇದನ್ನು ಶಂಕ್ರವ್ವ ನಗುತ್ತಲೇ ಹೇಳುತ್ತಾಳೆ. ಹೇಳಿ ಮುಗಿಸಿ ಎದ್ದು ಒಲೆಯ ಬೂದಿ ಕೆದಕುತ್ತಾಳೆ.

ಮೇಲವಂಕಿಯಲ್ಲಿ ಅವಳು ಸಾರಿಸದ ಗೋಡೆ ಇರಲಿಲ್ಲ. ಬರಬರುತ್ತ ಸಿಮೆಂಟು ಬಂತು, ಗೌಂಡಿಗಳು ಬಂದರು, ಅವಳಿಗೆ ಉಳಿದದ್ದು ಒಲೆ ಹಾಕುವುದು, ತುಳಸಿಕಟ್ಟೆ ಮೆತ್ತುವುದು. ಅವಳು ಕಳೆ ತೆಗೆಯುವ ಕೂಲಿಗೆ ಹೋದಳು. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ಅವಳ ಮನೆ ಮೂರು ದಿನ ಎದೆಮಟ್ಟದ ನೀರಿನಲ್ಲಿ ನಿಂತು, ಮೂರನೆಯ ದಿನ ಸಂಜೆ ಕುಳಿತುಕೊಂಡಿತು. ನೀರು ಇಳಿದ ಮೇಲೆ ಯಾರೋ ಪುಢಾರಿ ಬಂದು, ಮಣ್ಣಿನ ಮನೆಗಳಿಂದಲೇ ಇಷ್ಟು ಹಾನಿಯಾಯಿತೆಂದು ಭಾಷಣ ಮಾಡಿದ. ಶಂಕ್ರವ್ವ ಹಿಂದಿನ ಸಾಲಿನಿಂದ ಎದ್ದು ಹೇಳಿದಳು:

"ನನ್ನ ಮನಿ ಮೂರ ದಿನ ನೀರಾಗ ನಿಂತಿತ್ತರಿ. ನೀವು ಮೂರ ತಾಸ ನಿಂತ ತೋರಸ್ರಿ, ಆಮ್ಯಾಲೆ ಮಣ್ಣಿಗೆ ಬೈರಿ."

ಜನ ನಕ್ಕರು. ಅಂದು ಮಧ್ಯಾಹ್ನ ಅವಳು ಕೆಸರಾಗಿ ಬಿದ್ದ ಗೋಡೆಯ ಹೆಂಟೆಯೊಂದನ್ನು ತಿರುವಿ ನೋಡಿದಳು. ಅದರ ಮೇಲೆ ತನ್ನದೇ ಐದು ಬೆರಳಿನ ಗುರುತು ಇತ್ತು. ಆಗ ಅತ್ತಳು. ಹಂಚುಗಳಲ್ಲಿ ಒಡೆಯದೆ ಉಳಿದವನ್ನು ಆರಿಸಿ ಒಂದು ಟ್ರ್ಯಾಕ್ಟರ್‌ಗೆ ಹಾಕಿಸಿಕೊಂಡು ತುಕ್ಕಾನಟ್ಟಿಗೆ, ಒಬ್ಬಳೇ ಮಗಳು ನಂದಾಳ ಮನೆಗೆ ಹೋದಳು.

ತೊಂದರೆ ಶುರುವಾದದ್ದು ಅಲ್ಲಿ. ನಂದಾಳ ಗಂಡ ಭೀಮಶಿಯ ಮನೆಯೆಂದರೆ ಎರಡು ಎಕರೆ ಹೊಲದ ನಡುವೆ ನಾಲ್ಕು ಬದಿ ತಗಡಿನ ಪತ್ರಾ, ಮೇಲೊಂದು ಪತ್ರಾ. ಏಪ್ರಿಲ್ ತಿಂಗಳಲ್ಲಿ ಒಳಗೆ ಹೋದರೆ ಹಂಚಿನ ಮೇಲೆ ಭಕ್ಕರಿಗೆ ಏನಾಗುತ್ತದೆ ಎಂಬುದು ತಿಳಿಯುತ್ತಿತ್ತು. ಅದರ ಜೊತೆಗೆ ಇನ್ನೊಂದು ತೊಂದರೆ. ಶಂಕ್ರವ್ವ ದೇವರ ಜೊತೆ ಮಾತಾಡುತ್ತಾಳೆ, ಪುಢಾರಿಯ ಜೊತೆ ಮಾತಾಡುತ್ತಾಳೆ, ಆದರೆ ಅಳಿಯನ ಜೊತೆ ಮಾತಾಡುವುದಿಲ್ಲ. ಅವರ ಮನೆತನದಲ್ಲಿ ಅತ್ತೆ ಅಳಿಯನ ಎದುರು ಸೆರಗು ಎಳೆದುಕೊಂಡು ನಿಲ್ಲಬೇಕು, ಹೇಳುವುದನ್ನು ಮಗಳ ಮೂಲಕ ಹೇಳಬೇಕು. ನಂದಾಳ ಮದುವೆಯಾಗಿ ಹನ್ನೆರಡು ವರ್ಷ ಇದು ಸುಲಭವಾಗಿಯೇ ನಡೆದಿತ್ತು, ಏಕೆಂದರೆ ಇಬ್ಬರೂ ಬೇರೆ ಬೇರೆ ಊರಲ್ಲಿದ್ದರು. ಈಗ ಒಂದೇ ಖೋಲಿ. ಭೀಮಶಿ ಒಳಗೆ ಬಂದರೆ ಶಂಕ್ರವ್ವ ಹೊರಗೆ. ಅವನು ಊಟ ಮಾಡಿ ಎದ್ದು ಹೋಗುವ ತನಕ ಅವಳು ಬೇವಿನ ಗಿಡದ ಕೆಳಗೆ. ಅವನಿಗೂ ಸಂಕಟ. ಗಬಗಬ ನುಂಗಿ ಎದ್ದುಬಿಡುತ್ತಿದ್ದ. ನಾಲ್ಕು ವರ್ಷದಲ್ಲಿ ಅವನಿಗೆ ಹೊಟ್ಟೆನೋವು ಕಾಯಂ ಆಯಿತು.

ಭೀಮಶಿ ಬೇಲರ್ ಮಷೀನ್ ಹೊಡೆಯುವವನು. ಕಟಾವಾದ ಹೊಲದಲ್ಲಿ ರವದಿಯನ್ನು ಎಳೆದುಕೊಂಡು ಒತ್ತಿ, ಹಗ್ಗ ಬಿಗಿದು, ಮೂರು ಫೂಟು ಉದ್ದದ ಪೆಂಡಿ ಮಾಡಿ ಹಿಂದೆ ಉದುರಿಸುತ್ತ ಹೋಗುವ ಯಂತ್ರ ಅದು. ಪೆಂಡಿಗಳೆಲ್ಲ ಒಂದು ಸಕ್ಕರೆ ಫ್ಯಾಕ್ಟರಿಯ ಬಾಯ್ಲರಿಗೆ ಹೋಗುತ್ತಿದ್ದವು. 2023ರ ಮಾರ್ಚಿನಲ್ಲಿ ಸೀಸನ್ ಮುಗಿದು ಬಾಯ್ಲರ್ ಆರಿತು. ಗುತ್ತಿಗೆದಾರ ಮಷೀನನ್ನು ಲಾರಿಗೆ ಹೇರಿಕೊಂಡು ಮಹಾರಾಷ್ಟ್ರಕ್ಕೆ ಹೋದ. ಭೀಮಶಿಯ ಹೊಲದಲ್ಲಿ ಒಟ್ಟಿದ ಕೊನೆಯ ನಾನೂರು ಪೆಂಡಿಗಳ ಬಗ್ಗೆ ಫೋನ್ ಮಾಡಿ ಕೇಳಿದರೆ, ಏನಾದರೂ ಮಾಡಿಕೋ, ಸುಟ್ಟರೂ ಸರಿ ಎಂದ.

ಅಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ ಶಂಕ್ರವ್ವ ಮಗಳಿಗೆ ಹೇಳಿದಳು, ಭೀಮಶಿ ನಾಲ್ಕು ಹೆಜ್ಜೆ ದೂರದಲ್ಲಿ ಕೈ ತೊಳೆಯುತ್ತಿರುವಾಗಲೇ:

"ನಿನ್ನ ಗಂಡಗ ಹೇಳು. ಆ ರವದಿ ಪೆಂಡಿ ನಾಕ ಕಡೆ ಒಟ್ಟಿ, ನಡುವ ನನ್ನ ಕುಂದ್ರಸ ಅನ್ನು. ಎರಡ ಹೊತ್ತ ಅವರ ಮಾರಿ ನೋಡೂದರ ತಪ್ಪತೈತಿ."

ಇದು ಬೈಗುಳ. ನಂದಾ ಅದನ್ನು ಬೈಗುಳವೆಂದೇ ತಿಳಿದಳು. ಭೀಮಶಿ ಮಾತ್ರ ಕೈ ತೊಳೆಯುವುದನ್ನು ನಿಲ್ಲಿಸಿ ಪೆಂಡಿಗಳ ರಾಶಿಯನ್ನು ನೋಡಿದ. ಆಮೇಲೆ ಫೋನು ತೆಗೆದ. ಎರಡು ದಿನ ಫೋನಿನಲ್ಲೇ ಮುಳುಗಿದ್ದ. ಯಾವುದೋ ಹಿಮ ಬೀಳುವ ದೇಶದಲ್ಲಿ ಚಡ್ಡಿ ತೊಟ್ಟ ಬಿಳಿಯ ಹೆಂಗಸೊಬ್ಬಳು ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯಂತೆ ಒಟ್ಟಿ, ಅದರ ಮೇಲೆ ಮಣ್ಣು ಮೆತ್ತಿ ಮನೆ ಕಟ್ಟುತ್ತಿದ್ದಳು. ಭಾಷೆ ಅವನಿಗೆ ತಿಳಿಯಲಿಲ್ಲ. ಮಣ್ಣು ತಿಳಿಯಿತು. ನಂದಾ ಆ ವೀಡಿಯೊವನ್ನು ತಾಯಿಗೆ ತೋರಿಸಿದಳು. ಶಂಕ್ರವ್ವ ಚಡ್ಡಿಯ ಬಗ್ಗೆ ಏನಾದರೂ ಅನ್ನುತ್ತಾಳೆಂದು ಕಾದರೆ, ಅವಳು ಬಹಳ ಹೊತ್ತು ನೋಡಿ, ಈ ಹೆಣ್ಣುಮಗಳ ಕೈ ಛಲೋ ಇದೆ, ಆದರೆ ಮಣ್ಣು ಸಾಕಷ್ಟು ಕೊಳೆತಿಲ್ಲ ಎಂದಳು.

ಕೆಲಸ ಶುರುವಾಯಿತು. ಪಾಯಕ್ಕೆ ಕಲ್ಲು, ನೆಲದಿಂದ ಎರಡು ಫೂಟು ಎತ್ತರ. ಇದು ಶಂಕ್ರವ್ವನ ಹಟ. ಮಣ್ಣಿನ ಗೋಡೆ ಬೆಕ್ಕಿದ್ದಂತೆ, ಕಾಲು ತೋಯ್ದರೂ ಆಗದು, ತಲೆ ತೋಯ್ದರೂ ಆಗದು ಎಂದು ಮಗಳ ಮೂಲಕ ಹೇಳಿ ಕಳಿಸಿದಳು. ಕಲ್ಲಿನ ಮೇಲೆ ಪೆಂಡಿ, ಪೆಂಡಿಯ ಮೇಲೆ ಪೆಂಡಿ, ಸಂದಿಗೆ ಸಂದಿ ಕೂಡದಂತೆ. ಮೇಲಿಂದ ಕೆಳಗೆ ಬಿದಿರಿನ ಗೂಟ ಹೊಡೆದು ಪೋಣಿಸಿದರು. ಒಂದು ವಾರದಲ್ಲಿ ಹದಿನಾಲ್ಕು ಫೂಟು ಉದ್ದ, ಹನ್ನೆರಡು ಫೂಟು ಅಗಲದ ಖೋಲಿ ಎದ್ದು ನಿಂತಿತು. ಮೇಲೆ ಮೇಲವಂಕಿಯ ಹಂಚು ಹೊದಿಸಿ, ಗೋಡೆಗಿಂತ ಮೂರು ಫೂಟು ಹೊರಗೆ ಚಾಚಿದರು. ನೋಡಲು ಬಂದವರಲ್ಲಿ ಮೊದಲಿಗ ಬಾಜೂ ಹೊಲದ ಸತ್ತೆಪ್ಪ. ಅವನು ಹತ್ತು ಎಕರೆ ಕಬ್ಬಿನವ, ನಾಲ್ಕು ಎಮ್ಮೆಯವ, ಎಲ್ಲದರ ಬಗ್ಗೆ ಅಭಿಪ್ರಾಯ ಉಳ್ಳವ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಟ್ಟಿದ್ದು ಛಲೋ ಆಗಿದೆ, ಆದರೆ ಇದನ್ನು ಎಮ್ಮೆ ತಿನ್ನುತ್ತದೆ ಎಂದ. ಭೀಮಶಿ ನಕ್ಕ. ಒಣ ರವದಿಯನ್ನು ಎಮ್ಮೆ ಮೂಸಿ ಕೂಡ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮಣ್ಣು ಮೆತ್ತುವಾಗ ಎಡವಟ್ಟಾಯಿತು. ಭೀಮಶಿ ತನ್ನ ಹೊಲದ ಕರಿ ಮಣ್ಣನ್ನೇ ಕಲೆಸಿದ. ಶಂಕ್ರವ್ವ ಒಂದು ಚಿಟಿಕೆ ಬಾಯಿಗಿಟ್ಟುಕೊಂಡು ಉಗಿದಳು. "ಈ ಮಣ್ಣ ಕುಡದಾಗ ಉಬ್ಬತೈತಿ, ಒಣಗಿದಾಗ ಬಿರಿತೈತಿ, ಆ ಸತ್ತೆಪ್ಪ ಇದ್ದಂಗ ಅಂತ ಹೇಳು" ಎಂದು ಮಗಳಿಗೆ ಹೇಳಿದಳು. ನಂದಾ ಗಂಡನ ಹತ್ತಿರ ಹೋಗಿ, ಅವ್ವ ಬೇರೆ ಮಣ್ಣಾದರೂ ನಡೆಯುತ್ತಿತ್ತೇನೋ ಅನ್ನುತ್ತಿದ್ದಾಳೆ ಎಂದಳು. ಹದಿನಾರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಇದೇ. ಅತ್ತ ಕಡೆಯ ಖಾರ ತೆಗೆದು ಇತ್ತ ಕಡೆ ಬಡಿಸುವುದು. ಸಂಸಾರಕ್ಕೆ ಅದು ಸರಿ. ಗೋಡೆಗೆ ಸರಿಹೋಗಲಿಲ್ಲ. ನಾಲ್ಕನೆಯ ದಿನ ಬಿಸಿಲಿಗೆ ಪೂರ್ವದ ಗೋಡೆಗೆ ಮೆತ್ತಿದ ಗಿಲಾವ ಅಂಗೈಯಗಲ ಬಿರಿದು, ಚಪ್ಪರ ಕುಸಿದಂತೆ ಒಂದೇ ಸಲ ಕೆಳಗೆ ಬಿತ್ತು.

ಭೀಮಶಿ ಬಿದ್ದ ಮಣ್ಣಿನ ಮುಂದೆ ಕುಳಿತಿದ್ದ. ಆಮೇಲೆ ಎದ್ದು ಮತ್ತೆ ಅದನ್ನೇ ಗುಂಡಿಗೆ ತುಂಬಿ, ನೀರು ಬಿಟ್ಟು, ಸಿಟ್ಟಿನಿಂದ ತುಳಿಯತೊಡಗಿದ. ಶಂಕ್ರವ್ವ ಬೇವಿನ ಗಿಡದ ಕೆಳಗಿಂದ ನೋಡುತ್ತಿದ್ದಳು. ನಂದಾ ನೀರಿಗೆ ಹೋಗಿದ್ದಳು. ಹೇಳಿ ಕಳಿಸಲು ಯಾರೂ ಇರಲಿಲ್ಲ. ಅವಳು ನನಗೆ ಹೇಳಿದ್ದು: ಹೊಟ್ಟೆಯೊಳಗಿಂದ ಮಾತು ಬಂತು, ಹಲ್ಲು ಕಚ್ಚಿದೆ, ಮತ್ತೆ ಬಂತು. ಕೊನೆಗೆ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಂಡಿಯ ಅಂಚಿಗೆ ಹೋಗಿ ನಿಂತಳು.

"ಅಳಿಯಾರ, ಕಾಲ ತಗೀರಿ ಹೊರಗ. ಅದು ಮಣ್ಣಲ್ಲ. ಗುಡ್ಡದ ಬಾಜೂ ಮಸಾರಿ ಮಣ್ಣ ಐತಿ, ಎರಡ ಟ್ರಿಪ್ ತರ್ರಿ. ತುಳಿಯಾಕ ನಾ ಕಲಸತೇನಿ."

ಭೀಮಶಿ ಕಾಲು ತೆಗೆದ. "ಹೂನ್ರಿ ಅತ್ತಿಯಾರ" ಎಂದ. ಹನ್ನೆರಡು ಮತ್ತು ನಾಲ್ಕು, ಒಟ್ಟು ಹದಿನಾರು ವರ್ಷದಲ್ಲಿ ಅವರಿಬ್ಬರ ಮೊದಲ ಮಾತುಕತೆ ಅದು.

ಮಸಾರಿ ಎಂಬ ಕೆಂಪು ಮಣ್ಣು ಬಂತು. ಜೋಳದ ಹೊಟ್ಟು, ಸೆಗಣಿ ಬಿದ್ದವು. ಅರವತ್ತರ ಅತ್ತೆ ಮತ್ತು ಮೂವತ್ತೆಂಟರ ಅಳಿಯ ಒಂದೇ ಗುಂಡಿಯಲ್ಲಿ ಮೊಣಕಾಲ ತನಕ ಇಳಿದು ಬೆಳಗಿನಿಂದ ತುಳಿದರು. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡಿದರು. ಇದೇನು ಅತ್ತೆ ಅಳಿಯ ಕುಣಿಯುತ್ತಿದ್ದಾರಲ್ಲ ಎಂದು ಯಾರೋ ಒಬ್ಬ ಕೇಳಿದನಂತೆ. ಶಂಕ್ರವ್ವ, ಹಲಗಿ ಬಾರಿಸಾಕ ಬರತೀಯೇನು ಎಂದು ಕೇಳಿದಳು. ಅವನು ಸೈಕಲ್ ಹತ್ತಿದ.

ಈ ಸಲದ ಎಡವಟ್ಟು ಶಂಕ್ರವ್ವನದೇ. ಗಿಲಾವ ಗಟ್ಟಿಯಾಗಲೆಂದು ಅವಳ ಅಪ್ಪ ಬೆಲ್ಲದ ನೀರು ಬೆರೆಸುತ್ತಿದ್ದ. ಇಲ್ಲಿ ಕಾಕಂಬಿ ಸಿಕ್ಕಿತು, ಬೆಲ್ಲದ ಗಾಣದವರು ಡಬ್ಬಿಗಟ್ಟಲೆ ಕೊಟ್ಟರು. ಅಪ್ಪ ಒಂದು ತಂಬಿಗೆ ಹಾಕುತ್ತಿದ್ದಲ್ಲಿ ಇವಳು ಮೂರು ಕೊಡ ಸುರಿದಳು. ಗೋಡೆ ಒಣಗಿ ತಾಮ್ರದಂತೆ ಮಿಂಚಿತು. ಮರುದಿನ ಅದರ ಮೇಲೆ ಇರುವೆಗಳ ಜಾತ್ರೆ. ಸೋಮವಾರ ಸತ್ತೆಪ್ಪನ ಎಮ್ಮೆ ಹಗ್ಗ ಹರಿದುಕೊಂಡು ಬಂದು, ವಾಯವ್ಯ ಮೂಲೆಯನ್ನು ನೆಕ್ಕಿ, ಗಿಲಾವ ಕಿತ್ತು, ಒಳಗಿನ ರವದಿಯನ್ನೂ ಬಾಯಿತುಂಬ ಎಳೆದುಕೊಂಡಿತು. ನಂದಾ ನೋಡುವ ಹೊತ್ತಿಗೆ ಎಮ್ಮೆಯ ತಲೆ ಮನೆಯೊಳಗಿತ್ತು, ಉಳಿದದ್ದು ಹೊರಗಿತ್ತು.

ಸತ್ತೆಪ್ಪ ಎಮ್ಮೆಯನ್ನು ಹಿಡಿಯಲು ಬಂದವನು ನಗಲೂ ಇಲ್ಲ, ನಾನು ಹೇಳಿರಲಿಲ್ಲವೇ ಎನ್ನಲೂ ಇಲ್ಲ. ಎಮ್ಮೆಯ ಕೊರಳ ಹಗ್ಗ ಹಿಡಿದು ಎಳೆದುಕೊಂಡ. ಅದು ಶಂಕ್ರವ್ವನಿಗೆ ಹೆಚ್ಚು ಚುಚ್ಚಿತು. ಎಮ್ಮೆ ಕಟ್ಟಲು ಬಾರದವನು ಎಂದು ಅವನಿಗೆ ಅರ್ಧ ತಾಸು ಬೈದಳು. ಮೂರನೆಯ ದಿನ ಊಟಕ್ಕೆ ಕುಳಿತಾಗ ತಟ್ಟೆ ನೋಡುತ್ತ, ಕಾಕಂಬಿ ಹಾಕಿದ್ದು ತನ್ನ ತಪ್ಪು ಎಂದಳು.

"ಕರಿ ಮಣ್ಣ ನಂದು, ಕಾಕಂಬಿ ನಿಮ್ಮದು" ಎಂದ ಭೀಮಶಿ. "ಇನ್ನ ನಂದಾನ ತಪ್ಪ ಒಂದ ಬಾಕಿ ಉಳೀತು."

"ನಿಮ್ಮಿಬ್ಬರನೂ ಮನ್ಯಾಗ ಇಟ್ಟಗೊಂಡೇನಲ್ಲ" ಎಂದಳು ನಂದಾ, "ಅದ ನನ್ನ ತಪ್ಪ."

ಮೂಲೆಯನ್ನು ಬಿಚ್ಚಿ ಎರಡು ಹೊಸ ಪೆಂಡಿ ತುರುಕಿ, ಗೋಡೆಯನ್ನೆಲ್ಲ ಕೆರೆದು, ಕಾಕಂಬಿಯಿಲ್ಲದ ಮಣ್ಣನ್ನು ಮೂರು ಸಲ ಮೆತ್ತಿ, ಮೇಲೆ ಸುಣ್ಣ ಬಳಿದರು. ಜೂನ್ ಮೊದಲ ವಾರ ಶಂಕ್ರವ್ವ ಹಾಸಿಗೆ ತೆಗೆದುಕೊಂಡು ಒಳಗೆ ಹೋದಳು. ಗೋಡೆ ಒಂದೂವರೆ ಫೂಟು ದಪ್ಪ. ಹೊರಗೆ ಟ್ರ್ಯಾಕ್ಟರ್ ಹೋದರೂ ಕೇಳುತ್ತಿರಲಿಲ್ಲ. ಅವಳಿಗೆ ಮೊದಲೆರಡು ದಿನ ಅದೇ ಭಯವಾಯಿತಂತೆ. ಲೋಕ ತನ್ನನ್ನು ಬಿಟ್ಟು ಎಲ್ಲಿಗೋ ಹೋಯಿತೇನೋ ಎಂದು ಎದ್ದೆದ್ದು ಬಾಗಿಲು ತೆರೆದು ನೋಡುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ನಂದಾ, ಭೀಮಶಿ ಇಬ್ಬರೂ ಮಧ್ಯಾಹ್ನ ಅಲ್ಲೇ ಬಂದು ಉರುಳತೊಡಗಿದರು. ಅಳಿಯನ ಮುಖ ನೋಡುವುದು ತಪ್ಪಿಸಲು ಕಟ್ಟಿದ ಖೋಲಿ ಅದು. ಈಗ ಅತ್ತೆ ಅಳಿಯ ಅಲ್ಲಿ ದಿನಾ ಜಗಳವಾಡುತ್ತಿದ್ದರು, ಟೀವಿಯಲ್ಲಿ ಏನು ಹಾಕಬೇಕೆಂದು. ಮೊದಲು ಮಾತು ಬಿಟ್ಟಿದ್ದಾಗಲೇ ಚೆನ್ನಾಗಿತ್ತು ಎಂದು ನಂದಾ ನನಗೆ ಮೆಲ್ಲಗೆ ಹೇಳಿದ್ದಾಳೆ.

2024ರ ಫೆಬ್ರವರಿಯಲ್ಲಿ ಸತ್ತೆಪ್ಪನ ಕಬ್ಬು ಕಟಾವಾಯಿತು. ಪ್ರತಿವರ್ಷದಂತೆ ಅವನು ಮಧ್ಯಾಹ್ನ ಎರಡಕ್ಕೆ ರವದಿಗೆ ಕಡ್ಡಿ ಗೀರಿದ. ಗಾಳಿ ಪಡುವಣ ಕಡೆಯಿಂದ ಇದ್ದಕ್ಕಿದ್ದಂತೆ ಜೋರಾಯಿತು. ಬೆಂಕಿ ಬದು ದಾಟಿ, ಒಣಹುಲ್ಲು ಹಿಡಿದು, ಭೀಮಶಿಯ ಹೊಲಕ್ಕೆ ನುಗ್ಗಿತು. ಹೊಸ ಸೀಸನ್ನಿಗೆ ಮರಳಿ ಬಂದ ಮಷೀನ್ ಮೇಲೆ ಭೀಮಶಿ ಬೇರೆ ಊರಲ್ಲಿದ್ದ. ನಂದಾ ಕೂಗಿ ತಾಯಿಯನ್ನು ಹೊರಗೆಳೆದಳು. ಇಬ್ಬರೂ ಬಾವಿಯ ಹತ್ತಿರ ಓಡಿ ನಿಂತರು.

ಅಲ್ಲಿಂದ ಶಂಕ್ರವ್ವ ನೋಡಿದಳು. ಉರಿ ಪಶ್ಚಿಮದ ಗೋಡೆಗೆ ಆತುಕೊಂಡಿತು. ಕಿಟಕಿಯ ಕಟ್ಟಿಗೆ ಹೊತ್ತಿತು. ಪತ್ರಾ ಶೆಡ್ಡಿನ ಪಕ್ಕದ ಪ್ಲಾಸ್ಟಿಕ್ ನೀರಿನ ಟಾಕಿ ಮೇಣದಂತೆ ಬಾಗಿ ಕರಗಿತು. ತಾನು ಗೋಡೆ ತುಂಬ ತುಂಬಿದ್ದು ರವದಿ, ಅಲ್ಲಿ ಉರಿಯುತ್ತಿರುವುದೂ ರವದಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ಮನೆ ನೀರಿಗೆ ಹೋಯಿತು, ಇದು ಬೆಂಕಿಗೆ ಎಂದುಕೊಂಡಳು. ಸತ್ತೆಪ್ಪ, ಅವನ ಆಳುಗಳು, ದಾರಿಯಲ್ಲಿದ್ದವರು ಬೇವಿನ ಸೊಪ್ಪು ಹಿಡಿದು ಬಡಿದರು, ಕೊಡದಲ್ಲಿ ನೀರು ಎರಚಿದರು. ಹತ್ತು ಹನ್ನೆರಡು ನಿಮಿಷದಲ್ಲಿ ನೆಲದ ರವದಿಯೆಲ್ಲ ಉರಿದು ಬೆಂಕಿ ತಾನಾಗಿಯೇ ಇಳಿಯಿತು.

ಮನೆ ನಿಂತಿತ್ತು. ಪಶ್ಚಿಮದ ಗೋಡೆ ಕಾವಲಿಯ ತಳದಂತೆ ಕಪ್ಪಾಗಿತ್ತು. ಶಂಕ್ರವ್ವ ಯಾರ ಮಾತೂ ಕೇಳದೆ ಒಳಗೆ ಹೋದಳು. ಅದೇ ಗೋಡೆಯ ಒಳಮೈಗೆ ಅಂಗೈ ಇಟ್ಟಳು. ತುಂಬಿದ ಗಡಿಗೆಯ ಹೊಟ್ಟೆಯಂತೆ ತಣ್ಣಗಿತ್ತು. ಅಲ್ಲೇ ಗೋಡೆಗೆ ಒರಗಿ ಕುಳಿತಳು. ಒತ್ತಿ ಕಟ್ಟಿದ ಪೆಂಡಿಯೊಳಗೆ ಗಾಳಿ ಸೇರದು, ಎರಡಿಂಚು ಮಣ್ಣು ದಾಟಿ ಉರಿ ಹೋಗದು ಎಂದು ಭೀಮಶಿ ವೀಡಿಯೊ ನೋಡಿ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ನಂಬಿರಲಿಲ್ಲ. ಕಟ್ಟಿದವಳೇ ನಂಬಿರಲಿಲ್ಲ ಎಂದು ನನಗೆ ಹೇಳುವಾಗ ಅವಳ ದನಿ ಸಣ್ಣಗಿತ್ತು.

ಹೊರಗೆ ಬಂದಾಗ ಸತ್ತೆಪ್ಪ ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

"ಯಕ್ಕಾ, ತಪ್ಪಾತು" ಎಂದ.

"ತಪ್ಪ ನಿನ್ನ ಹತ್ರ ಇಟ್ಟಕೋ" ಎಂದಳು ಶಂಕ್ರವ್ವ. "ಗ್ವಾಡಿ ಕರ್ರಗ ಮಾಡೀದಿ. ನಾಳಿ ಧೋತರ ಎತ್ತಿ ಕಟ್ಟಿ ಮಣ್ಣ ತುಳಿಯಾಕ ಬಾ."

ಹತ್ತು ಎಕರೆಯ ಸತ್ತೆಪ್ಪ ಮರುದಿನ ಬಂದ. ತುಳಿದ. ಅವನ ಕಾಲು ಬಲು ಮೆತ್ತಗೆ, ಜನ್ಮದಲ್ಲಿ ಕೆಲಸ ಮಾಡಿದ ಕಾಲಲ್ಲ ಎಂದು ಅವಳ ತೀರ್ಪು. ಮುಂದಿನ ವರ್ಷ ಸತ್ತೆಪ್ಪ ರವದಿಗೆ ಬೆಂಕಿ ಹಚ್ಚಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು. ಹಚ್ಚಿದ. ಗಾಳಿ ನೋಡಿ ಹಚ್ಚಿದ.

ಬೆಂಕಿಯ ಸುದ್ದಿ ಹರಡಿ, 2024ರ ಏಪ್ರಿಲ್‌ನಲ್ಲಿ ಸರಕಾರದ ಮನೆ ಸರ್ವೆಗೆಂದು ದೀಪಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ಹುಕ್ಕೇರಿಯವಳು, ಮೂವತ್ತರ ಒಳಗಿನವಳು, ಬಿಸಿಲಿಗೆ ಕೆಂಪಾಗಿದ್ದಳು. ಅವಳ ಫೋನಿನ ಫಾರ್ಮಿನಲ್ಲಿ ಗೋಡೆ ಯಾವುದರದು ಎಂಬಲ್ಲಿ ಇಟ್ಟಿಗೆ, ಕಲ್ಲು, ಮಣ್ಣು, ಪತ್ರಾ, ಹುಲ್ಲು ಎಂದು ಐದು ಚೌಕಗಳಿದ್ದವು. ಒಂದನ್ನೇ ಒತ್ತಬೇಕು. ಮಣ್ಣು ಒತ್ತಿದರೆ ಒಳಗಿನ ಹುಲ್ಲು ಸುಳ್ಳಾಗುತ್ತದೆ, ಹುಲ್ಲು ಒತ್ತಿದರೆ ಗುಡಿಸಲು ಎಂದು ಬರುತ್ತದೆ. ಶಂಕ್ರವ್ವ, ನಿಂತು ವಿಚಾರ ಮಾಡಿದರೆ ತಲೆ ತಿರುಗುತ್ತದೆ, ಒಳಗೆ ಕುಳಿತು ವಿಚಾರ ಮಾಡಿರಿ ಎಂದಳು. ದೀಪಾ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು ಗೋಡೆಗೆ ಬೆನ್ನು ಕೊಟ್ಟಳು. ಐದು ನಿಮಿಷದಲ್ಲಿ ಕುತ್ತಿಗೆ ವಾಲಿತು. ನಂದಾ ತಲೆದಿಂಬು ಕೊಟ್ಟಳು. ಒಂದೂವರೆ ತಾಸು ಸರಕಾರ ಗೊರಕೆ ಹೊಡೆಯಿತು. ನಡುವೆ ಸತ್ತೆಪ್ಪ ಬಂದು, ಮೇಡಮ್ಮರು ಎಲ್ಲಿ, ಏನು ಮಾಡುತ್ತಿದ್ದಾರೆ ಎಂದು ಕೇಳಿದ.

"ತಪಾಸ ನಡದೈತಿ" ಎಂದಳು ಶಂಕ್ರವ್ವ.

ಎದ್ದ ಮೇಲೆ ದೀಪಾ ನಾಚಿಕೊಂಡು, ಚಹಾ ಕುಡಿದು, ಫಾರ್ಮಿನಲ್ಲಿ ಮಣ್ಣು ಎಂದು ಒತ್ತಿದಳು. ಹೋಗುವಾಗ ಬಾಗಿಲಲ್ಲಿ ತಿರುಗಿ, ಹುಕ್ಕೇರಿಯಲ್ಲಿ ತನ್ನ ಅವ್ವನಿಗೊಂದು ಇಂಥ ಮನೆ ಕಟ್ಟಿಕೊಡುತ್ತೀರಾ ಎಂದು ಕೇಳಿದಳು. ಹೀಗೆ ಶಂಕ್ರವ್ವನಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಗಿರಾಕಿ ಸಿಕ್ಕಿದಳು.

ಆದರೆ ಮನೆಯಲ್ಲಿ ಇರಬೇಕಾದವಳನ್ನು ಯಾರೂ ಕೇಳಿರಲಿಲ್ಲ. ಶಂಕ್ರವ್ವ, ಭೀಮಶಿ ಇಬ್ಬರೂ ಬಸ್ಸು ಹತ್ತಿ ಹುಕ್ಕೇರಿಗೆ ಹೋದಾಗ ದೀಪಾಳ ತಾಯಿ ಸಾತವ್ವ ಬಾಗಿಲಲ್ಲೇ ಕುಳಿತಿದ್ದಳು. ಮನೆಯೊಳಗೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಮಗಳ ಡಿಗ್ರಿಯ ಫೋಟೊ. ಸಾತವ್ವ ಚಹಾ ಕೊಟ್ಟಳು, ಊರು ಕೇಳಿದಳು, ಬಸ್ಸಿನ ದಾರಿ ಹೇಗಿತ್ತು ಎಂದು ವಿಚಾರಿಸಿದಳು. ಆಮೇಲೆ ಮಾತು ತೆಗೆದಳು.

"ನಾ ನಲವತ್ತ ವರ್ಷ ಊರ ಹೊರಗ ಮಣ್ಣಿನ ಗುಡಸಲದಾಗ ಇದ್ದಾಕಿರಿ. ಮಂದಿ ವಾಡೇಕ ಮಣ್ಣ ತುಳದೇನಿ, ಒಳಗ ಕಾಲ ಇಟ್ಟಿಲ್ಲ. ಅದರಾಗಿಂದ ಹೊರಗ ಬರಾಕ ಮಗಳಿಗೆ ಸಾಲಿ ಕಲಸಿದೆ. ಆಕಿ ಇಂಜಿನಿಯರ್ ಆಗಿ ನನ್ನ ಮತ್ತ ಮಣ್ಣಾಗ ಹಾಕತೇನ ಅಂತಾಳ."

ದೀಪಾ ತಲೆ ತಗ್ಗಿಸಿದಳು. ತನ್ನ ಅಪ್ಪ ಎಬ್ಬಿಸಿದ ದೊಡ್ಡವರ ವಾಡೆಗಳ ಗುಂಡಿಗಳಲ್ಲಿ ಊರ ಹೊರಗಿನಿಂದ ಬಂದು ತುಳಿಯುತ್ತಿದ್ದ ಹೆಂಗಸರು ಶಂಕ್ರವ್ವನಿಗೆ ನೆನಪಾದರು. ಗೋಡೆ ಎದ್ದ ಮೇಲೆ ಅವರು ಎಲ್ಲಿಗೆ ಹೋಗುತ್ತಿದ್ದರೆಂದು ಅವಳು ಕೇಳಿದವಳಲ್ಲ. ಚಹಾದ ಕಪ್ಪು ಕೆಳಗಿಟ್ಟು ದೀಪಾಳಿಗೆ ಹೇಳಿದಳು:

"ನಿಮ್ಮವ್ವ ಖರೆ ಹೇಳಾಕತ್ತಾಳ. ಆಕಿಗೆ ಸ್ಲ್ಯಾಬ್ ಹಾಕಸ್ರಿ. ನಾವ ಬಸ್ ಹಿಡಿತೇವಿ."

ಬಸ್‌ಸ್ಟ್ಯಾಂಡಿನ ತನಕ ನಡೆದು, ಬಸ್ಸು ಹತ್ತಿ ಊರಿಗೆ ಮರಳಿದರು. ಎರಡು ವಾರದ ನಂತರ ಸಾತವ್ವನೇ ಮಗಳ ಫೋನಿನಿಂದ ಮಾತಾಡಿದಳು. ಬೇಸಿಗೆ ಬಲವಾಗಿತ್ತು, ಬಾಡಿಗೆಯ ಮನೆಯ ಸ್ಲ್ಯಾಬು ಕಾಯ್ದು ನಿದ್ದೆಯಿರಲಿಲ್ಲ ಎಂದು ದೀಪಾ ಆಮೇಲೆ ಹೇಳಿದಳು. ಸಾತವ್ವ ಮಾತ್ರ ಅದನ್ನು ಹೇಳಲಿಲ್ಲ. ಕರಾರು ಹೇಳಿದಳು. ಮಗಳು ಕೊಂಡ ಜಾಗದಲ್ಲಿ ಮನೆ ಹಿಂದೆಲ್ಲೋ ಅಲ್ಲ, ರೋಡಿನ ಮುಂದೆ ಆಗಬೇಕು. ರೋಡಿನ ಕಡೆ ದೊಡ್ಡ ಕಿಟಕಿ ಎರಡು. ಸುಣ್ಣಕ್ಕೆ ಕಡುನೀಲಿ ಬೆರೆಸಬೇಕು, ದೂರದಿಂದ ಕಾಣುವಂತೆ. ಬಾಗಿಲ ಮೇಲೆ ಹಿತ್ತಾಳೆಯ ಫಲಕ, ಅದರಲ್ಲಿ ಮಗಳ ಹೆಸರಲ್ಲ, ಸಾತವ್ವನ ಹೆಸರು. ದೊಡ್ಡ ಕಿಟಕಿಯಿಂದ ರವದಿಯ ಗೋಡೆ ಸಡಿಲಾಗುತ್ತದೆ ಎಂದು ಶಂಕ್ರವ್ವ ಒಂದು ಹೊತ್ತು ವಾದಿಸಿದಳು. ಸಾತವ್ವ, ಹಾಗಾದರೆ ಗಟ್ಟಿಯಾಗುವಂತೆ ಕಟ್ಟಿರಿ, ನಿಮಗೆ ಬರುತ್ತದೆಂದೇ ಕರೆದದ್ದು ಎಂದಳು. ಭೀಮಶಿ ಕಿಟಕಿಯ ಸುತ್ತ ಕಟ್ಟಿಗೆಯ ಚೌಕಟ್ಟು ಕೂರಿಸಿ ದಾರಿ ಹುಡುಕಿದ.

ಮುಂದಿನ ವರ್ಷದ ಪೆಂಡಿ ಬಂದ ಮೇಲೆ ಕೆಲಸ ಶುರುವಾಯಿತು. ಈ ಮೇ ತಿಂಗಳಲ್ಲಿ ರಜೆಯಿತ್ತೆಂದು ನಾನು ಹುಕ್ಕೇರಿಗೆ ಹೋಗಿ ನೋಡಿದೆ. ಪೆಂಡಿಗಳು ಕಿಟಕಿಯ ಮೇಲಿನ ತನಕ ಏರಿದ್ದವು. ರಸ್ತೆಯ ಅಂಚಿನ ಗುಂಡಿಯಲ್ಲಿ ಶಂಕ್ರವ್ವ, ಭೀಮಶಿ, ಜೊತೆಗೆ ಪ್ಯಾಂಟು ಮಡಚಿದ ದೀಪಾ ಕೆಂಪು ಮಣ್ಣು ತುಳಿಯುತ್ತಿದ್ದರು. ಗುಂಡಿಯ ಮಣ್ಣು ಗಟ್ಟಿಯಾಗಿ ಎಲ್ಲರೂ ದಣಿದಿದ್ದರು. ನನ್ನನ್ನು ಕಂಡು ಶಂಕ್ರವ್ವ, ಮಾಸ್ತರಿಗೆ ಕಾಲಿಲ್ಲವೇನು ಎಂದಳು. ನಾನು ಚಪ್ಪಲಿ ಬಿಟ್ಟು ಇಳಿದೆ.

ಸಾತವ್ವ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಚಹಾ ಕುಡಿಯುತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು. ತಾನು ಮಾತ್ರ ಮಣ್ಣಿಗೆ ಕಾಲು ಇಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳಂತೆ. ಕಪ್ಪಿನ ಮೇಲಿಂದ ನಮ್ಮನ್ನೆಲ್ಲ ಒಂದು ಸಲ ನೋಡಿ, ಕೈಯಿಂದ ಗುಂಡಿಯ ಒಂದು ಮೂಲೆ ತೋರಿಸಿದಳು.

"ಅಲ್ಲಿ ಹೆಂಟಿ ಉಳದಾವ ನೋಡ್ರಿ. ಮಾಸ್ತರ, ಜರಾ ಜೋರ ತುಳೀರಿ."